ಗಂಡಿಪೇಟೆ ದಂಡೆಯ ಲೆಕ್ಕ

ಹೈದರಾಬಾದಿನಲ್ಲಿ ಹಳೆಯದೊಂದು ಮಾತಿದೆ. ಗಂಡಿಪೇಟೆ ನೀರು ಕುಡಿದವನು ಮತ್ತೆ ಈ ಊರು ಬಿಟ್ಟು ಹೋಗೋದಿಲ್ಲ ಅಂತ. ಮೂರು ವರ್ಷದ ಪೋಸ್ಟಿಂಗ್ ಅಂತ ಬಂದು ಮೂವತ್ತು ವರ್ಷ ಕೂತುಬಿಟ್ಟ ನಮ್ಮಂಥ ಬ್ಯಾಂಕ್ ನೌಕರರನ್ನು ಕಂಡರೆ ಇಲ್ಲಿಯ ಜನ ಈ ಮಾತು ಹೇಳಿ ನಗುತ್ತಾರೆ. ನಾನು 1987ರಲ್ಲಿ ರಾಯಚೂರಿನಿಂದ ಬಂದವನು. ನಳದಲ್ಲಿ ಬರುತ್ತಿದ್ದದ್ದು ಗಂಡಿಪೇಟೆ ನೀರೋ, ನಮ್ಮ ಬೀದರ ಜಿಲ್ಲೆ ಹಾದು ಬರುವ ಮಂಜೀರಾ ನೀರೋ, ಯಾರು ಪತ್ತೆ ಹಚ್ಚಬೇಕು? ಅಂತೂ ಕುಡಿದೆ, ಉಳಿದೆ.

ಕರ್ನಾಟಕದ ಓದುಗರಿಗೆ ಗಂಡಿಪೇಟೆ ಎಂದರೆ ತಟ್ಟನೆ ಹೊಳೆಯಲಿಕ್ಕಿಲ್ಲ. ನಗರದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಮೂಸಿ ನದಿಗೆ ಅಡ್ಡಲಾಗಿ ಕಟ್ಟಿದ ಉಸ್ಮಾನ್ ಸಾಗರ ಜಲಾಶಯಕ್ಕೆ ಜನ ಕರೆಯುವ ಹೆಸರು ಅದು. ಊರಿಂದ ನೆಂಟರು ಬಂದರೆ ಚಾರ್‌ಮಿನಾರ್ ಆಯಿತು, ಸಾಲಾರ್ ಜಂಗ್ ಮ್ಯೂಸಿಯಂ ಆಯಿತು, ಮೂರನೆಯ ದಿನ ಬುತ್ತಿ ಕಟ್ಟಿಕೊಂಡು ಗಂಡಿಪೇಟೆ. ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು, ಕಲಬುರಗಿ, ಬೀದರ ಕಡೆಯವರಿಗೆ ಇದು ಇನ್ನೂ ಹಳೆಯ ಪರಿಚಯ. ಉಸ್ಮಾನಿಯಾದಲ್ಲಿ ಓದಿದ್ದ ನಮ್ಮ ತಂದೆಯವರು ಗಂಡಿಪೇಟೆಯ ಸುದ್ದಿಯನ್ನು ತಮ್ಮ ಹೊಲದ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು.

ಈ ನೀರಿಗೂ ಕನ್ನಡದವರಿಗೂ ಇನ್ನೊಂದು ಸಂಬಂಧ ಉಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದು ಹೈದರಾಬಾದನ್ನು ಹಾಳು ಮಾಡಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್ ಕಡೆಯ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರೆಂದು ಇಲ್ಲಿ ಈಗಲೂ ಹೇಳುತ್ತಾರೆ, ಮರವನ್ನೂ ತೋರಿಸುತ್ತಾರೆ. ಮುಂದಿನ ವರ್ಷ ನಿಜಾಮ ಸರ್ಕಾರ ಮುಂಬಯಿ ಪ್ರಾಂತ್ಯದ ಸೇವೆಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರಿಗಿಂತ ಮೇಲೆ ನದಿಗೆ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಎಂದು ಅವರು ವರದಿ ಕೊಟ್ಟು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಹೋದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಈಸಿ ಹೊಳೆಗೆ ಹಿಮಾಯತ್ ಸಾಗರ ಎದ್ದವು. ಪ್ರವಾಹ ತಡೆಯುವುದು, ಕುಡಿಯುವ ನೀರು ಕೊಡುವುದು, ಎರಡೇ ಕೆಲಸ. ದಂಡೆಯ ಮೇಲೆ ಚಾಪೆ ಹಾಸಿ ಕೂಡುವುದು ಜನ ತಾವಾಗಿ ಕಂಡುಕೊಂಡ ಮೂರನೆಯ ಕೆಲಸ. ನಾನು ಇಲ್ಲಿ ಬರೆಯಹೊರಟಿದ್ದು ಆ ಮೂರನೆಯದರ ಬಗ್ಗೆ. ಆದರೆ ಮೊದಲಿನ ಎರಡನ್ನು ಬಿಟ್ಟು ಅದರ ಮಾತಾಡಲಿಕ್ಕೆ ಬರುವುದಿಲ್ಲ.

ಹಳೆಯ ದಂಡೆ ಹೇಗಿತ್ತು ಎಂದರೆ, ವಿಶೇಷ ಏನೂ ಇರಲಿಲ್ಲ. ಕಟ್ಟೆಯ ಕೆಳಗೆ ಹುಲ್ಲು, ನೆರಳು ಕೊಡುವ ಮರಗಳು, ಎತ್ತರದಲ್ಲಿ ನಿಜಾಮರ ಕಾಲದ ಸಾಗರ ಮಹಲ್, ಎದುರಿಗೆ ನೀರು. ಕಾರ್ತಿಕ ಮಾಸದಲ್ಲಿ ತೆಲುಗರು ವನಭೋಜನ ಅಂತ ಮಾಡುತ್ತಾರೆ. ನೆಲ್ಲಿ ಮರದ ಕೆಳಗೆ ಪೂಜೆ, ಅಲ್ಲೇ ಊಟ. ಅವರನ್ನು ನೋಡಿ ನಾವೂ ಶುರುಮಾಡಿದೆವು. ಎಂಟು ಹತ್ತು ಕನ್ನಡ ಸಂಸಾರ, ಎರಡು ಮೆಟಡಾರ್, ಜಮಖಾನೆ, ಹಿತ್ತಾಳೆ ಕೊಳಗ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರನ್ನ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ವರ್ಷವಿಡೀ ಕಂಡರೂ ಆಗದ ಪರಿಚಯ ಅಲ್ಲಿ ಒಂದು ಮಧ್ಯಾಹ್ನದಲ್ಲಿ ಆಗುತ್ತಿತ್ತು. ಬಳ್ಳಾರಿಯವರು, ಧಾರವಾಡದವರು, ಮೈಸೂರಿನವರು, ಎಲ್ಲರೂ ಒಂದೇ ಜಮಖಾನೆ ಮೇಲೆ. ಮೈಸೂರಿನ ಒಬ್ಬ ಹಿರಿಯರು "ನಿಮ್ಮ ಕಡೆ ಖಾರ ಸ್ವಲ್ಪ ಜಾಸ್ತಿ ಅಲ್ಲವಾ" ಎನ್ನುತ್ತ ಎರಡು ಸಲ ಹಿಂಡಿ ಹಾಕಿಸಿಕೊಳ್ಳುತ್ತಿದ್ದರು. ಎರಡು ಮದುವೆ ಸಂಬಂಧ ಆ ಜಮಖಾನೆ ಮೇಲೆಯೇ ಕುದುರಿದವು. ಪರಊರಿನಲ್ಲಿ ಇರುವವರಿಗೆ ಸ್ವಂತ ಮನೆ ಇದ್ದೀತು, ಫ್ಲ್ಯಾಟ್ ಇದ್ದೀತು. ನಲವತ್ತು ಜನ ಕೂತು ಉಣ್ಣುವಂಥ ಅಂಗಳ ಇರುವುದಿಲ್ಲ. ನಮ್ಮ ಅಂಗಳ ಗಂಡಿಪೇಟೆ.

ಆದರೆ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಬರಬರುತ್ತ ಆ ದಂಡೆ ಕೆಟ್ಟಿತು. ಬೆಂಚು ಮುರಿದವು, ಹುಲ್ಲು ಒಣಗಿತು, ಪ್ಲಾಸ್ಟಿಕ್ ತಟ್ಟೆ, ಒಡೆದ ಬಾಟಲಿ. ಬರಿಗಾಲಲ್ಲಿ ಮಕ್ಕಳನ್ನು ಬಿಡುವ ಹಾಗಿರಲಿಲ್ಲ. ಎಲ್ಲಕ್ಕಿಂತ ಕಷ್ಟ ಹೆಂಗಸರದು. ಒಮ್ಮೆ ನಾನು ಸಂಜೆವರೆಗೂ ಇರೋಣ ಎಂದದ್ದಕ್ಕೆ ನಮ್ಮ ಮನೆಯವರು, "ನಿಮಗೇನ್ರಿ, ಎಲ್ಲ್ಯಾರ ಮರೆ ನೋಡಿ ನಿಲ್ಲತೀರಿ. ನಾವು ಮುಂಜಾನಿಂದ ನೀರು ಕುಡೀದಂಗ ಕೂಡಬೇಕು" ಎಂದರು. ಎದುರಿಗೆ ಒಂದು ಜಲಾಶಯ ನೀರು, ದಂಡೆ ಮೇಲೆ ಕೂತ ಹೆಂಗಸರು ನೀರು ಕುಡಿಯದೆ ಇರಬೇಕು. ಇಂಥ ಜಾಗವನ್ನು ಆಧುನೀಕರಣ ಮಾಡಬೇಡಿ ಎನ್ನುವವನು ಅಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿರದವನೇ ಇರಬೇಕು.

ಆಧುನೀಕರಣ ಆಯಿತು. 2022ರ ಅಕ್ಟೋಬರಿನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವಾದ ಎಚ್‌ಎಂಡಿಎ ಗಂಡಿಪೇಟೆಯ ಹೊಸ ಪಾರ್ಕನ್ನು ತೆರೆಯಿತು. ಖರ್ಚು ಸುಮಾರು 36 ಕೋಟಿ ರೂಪಾಯಿ. ದೊಡ್ಡ ಪ್ರವೇಶದ್ವಾರ, ನಡೆದಾಡುವ ದಾರಿಗಳು, ಮೆಟ್ಟಿಲು ಮೆಟ್ಟಿಲಾಗಿ ಹೂವಿನ ಪಾತಿ, ಮಕ್ಕಳ ಆಟದ ಜಾಗ, 1,200 ಜನ ಕೂಡುವ ಬಯಲು ರಂಗಮಂದಿರ, ರಾತ್ರಿ ಬಣ್ಣಬಣ್ಣವಾಗಿ ಹೊಳೆಯುವ ಗ್ಲೋ ಗಾರ್ಡನ್, ಫುಡ್ ಕೋರ್ಟು. ಪಟ್ಟಿಯ ನಡುವೆ ಎಲ್ಲೋ ಪಿಕ್ನಿಕ್ ಜಾಗ ಎಂದೂ ಇತ್ತು. ಅದೇ ವೇಳೆಗೆ ಹಿಮಾಯತ್ ಸಾಗರದ ಹತ್ತಿರ ಕೊತ್ವಾಲಗುಡದಲ್ಲಿ ಇನ್ನೂ ದೊಡ್ಡದೊಂದು ಇಕೋ ಪಾರ್ಕಿಗೆ ಅಡಿಗಲ್ಲು ಬಿತ್ತು. ಅದರ ಯೋಜನೆಯಲ್ಲಿ ಪಕ್ಷಿಗಳ ಬಲೆಮನೆ, ಸುರಂಗದ ಅಕ್ವೇರಿಯಂ, ಮರದ ಕಾಟೇಜು, ಇನ್‌ಫಿನಿಟಿ ಪೂಲು, ರಾತ್ರಿ ತಂಗಲು ಕ್ಯಾಂಪಿಂಗ್ ಡೇರೆ ಎಲ್ಲ ಸೇರಿದ್ದವು.

ನ್ಯಾಯವಾಗಿ ಹೇಳಬೇಕೆಂದರೆ, ಗಂಡಿಪೇಟೆಯಲ್ಲಿ ಕೆಲಸ ಅಚ್ಚುಕಟ್ಟಾಗಿದೆ. ಮೊಣಕಾಲು ನೋವಿನ ನಮ್ಮಂಥವರಿಗೆ ಸಮತಟ್ಟಾದ ದಾರಿ ದೊಡ್ಡ ಉಪಕಾರ. ಸಂಜೆ ಹುಡುಗರು ಫೋಟೋ ತೆಗೆದುಕೊಂಡು ಸಂತೋಷವಾಗಿ ತಿರುಗುತ್ತಾರೆ. ಅವರ ಸಂತೋಷಕ್ಕೆ ನಾನು ಯಾಕೆ ಅಡ್ಡ ಬರಲಿ. ನನ್ನ ತಕರಾರು ಬೇರೆ. ಮೂವತ್ತೆಂಟು ವರ್ಷ ಸಾಲದ ಅರ್ಜಿ ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾವ ಯೋಜನೆ ನೋಡಿದರೂ ಮೊದಲು ಕೇಳುವುದು, ಇದು ಯಾರಿಗೆ, ಯಾತಕ್ಕೆ, ಮುಂದೆ ನಡೆಸುವವರು ಯಾರು, ಭದ್ರತೆ ಏನು.

ಯಾರಿಗೆ ಎನ್ನುವುದನ್ನೇ ನೋಡಿ. ಕೆರೆ ದಂಡೆಗೆ ಬರುವವರು ಒಂದು ಪೂರ್ತಿ ದಿನ ಕಳೆಯಲು ಬರುತ್ತಾರೆ. ಅವರಿಗೆ ಬೇಕಾದದ್ದು ನೆರಳು, ಸಮನೆಲ, ಕುಡಿಯುವ ನೀರಿನ ನಳ, ಶೌಚಾಲಯ, ಕಸ ಹಾಕುವ ಜಾಗ. 1,200 ಆಸನದ ರಂಗಮಂದಿರ ವರ್ಷದಲ್ಲಿ ಎಷ್ಟು ದಿನ ತುಂಬೀತು? ಏಪ್ರಿಲ್ ಮಧ್ಯಾಹ್ನ ಆ ಕಲ್ಲು ಮೆಟ್ಟಿಲ ಮೇಲೆ ಯಾರು ಕೂತಾರು? ಹೊಸ ಪಾರ್ಕುಗಳಲ್ಲಿ ಮರಕ್ಕಿಂತ ತಾಳೆಗಿಡ ಹೆಚ್ಚು, ಹುಲ್ಲಿಗಿಂತ ಟೈಲ್ಸು ಹೆಚ್ಚು. ಇಂಥ ಕಾಮಗಾರಿಗಳಲ್ಲೇ ಕೆಲಸ ಮಾಡುವ ನಮ್ಮ ಅಣ್ಣನ ಮಗನನ್ನು ಕೇಳಿದೆ, ಯಾಕಪ್ಪ ಹೀಗೆ ಅಂತ. "ಕಾಕಾ, ನೆರಳಿಗೆ ಎಸ್ಟಿಮೇಟ್ ಹಾಕಾಕ ಬರಂಗಿಲ್ರಿ. ಗಿಡ ಹಚ್ಚಿದ್ರ ಹದಿನೈದು ವರ್ಷ ಕಾಯಬೇಕು. ಟೈಲ್ಸ್ ಹಾಕಿದ್ರ ಬಿಲ್ ಮರುತಿಂಗಳ ಪಾಸ್" ಎಂದ. ನಾನು ಓದಿದ ಎಂ.ಕಾಂ. ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ.

ಇದಕ್ಕೆ ಲೆಕ್ಕಶಾಸ್ತ್ರದಲ್ಲಿ ಹೆಸರಿದೆ. ಬಂಡವಾಳ ವೆಚ್ಚ, ರೆವಿನ್ಯೂ ವೆಚ್ಚ. ಕಟ್ಟುವುದು ಒಂದು, ಕಟ್ಟಿದ್ದನ್ನು ದಿನಾ ನಡೆಸುವುದು ಇನ್ನೊಂದು. ಮೊದಲನೆಯದಕ್ಕೆ ರಿಬ್ಬನ್ ಇದೆ, ಕಲ್ಲಿನ ಫಲಕ ಇದೆ, ಹೆಸರು ಕೊರೆಸಬಹುದು. ದಿನಾ ಮೂರು ಸಲ ಪಾಯಖಾನೆ ತೊಳೆಯುವ ಇಬ್ಬರ ಸಂಬಳಕ್ಕೆ ಯಾರೂ ಫಲಕ ಹಾಕುವುದಿಲ್ಲ. ಹಳೆಯ ದಂಡೆ ಹಾಳಾದದ್ದು ಅಲ್ಲಿ ಗ್ಲೋ ಗಾರ್ಡನ್ ಇಲ್ಲ ಅಂತ ಅಲ್ಲವಲ್ಲ. ತೊಳೆಯುವವರು, ಗುಡಿಸುವವರು, ಮುರಿದ ಬೆಂಚಿಗೆ ಮೊಳೆ ಹೊಡೆಯುವವರು ಇಲ್ಲದ್ದರಿಂದ. ಹೊಸ ಸಾಮಾನಿಗೂ ಅದೇ ಗತಿ, ಸ್ವಲ್ಪ ಬೇಗ. ಬಣ್ಣದ ಎಲ್‌ಇಡಿ ದೀಪ ಬೆಂಚಿಗಿಂತ ಮೊದಲು ಕೆಡುತ್ತದೆ.

ನಿರ್ವಹಣೆಗೆ ದುಡ್ಡು ಬೇಕು ಎಂದಾಗ ಸುಲಭದ ದಾರಿ ಟಿಕೆಟ್ಟು ಮತ್ತು ಕಂತ್ರಾಟುದಾರ. ಟಿಕೆಟ್ಟಿಗೆ ನನ್ನ ವಿರೋಧ ಇಲ್ಲ. ಆದರೆ ಈ ಊರಿನ ಇನ್ನೊಂದು ಕೆರೆ ಪಾರ್ಕಿನಲ್ಲಿ, ಹೆಸರು ಬೇಡ, ನವೀಕರಣವಾದ ಮೇಲೆ ನಾವು ಬುತ್ತಿ ತೆಗೆದುಕೊಂಡು ಹೋದಾಗ ಬಾಗಿಲಲ್ಲಿ ಕಾವಲುಗಾರ ತಡೆದ. "ಬಾಹರ್ ಕಾ ಖಾನಾ ಅಲೌ ನೈ, ಸಾಬ್." ಡಬ್ಬಿ ಬಿಚ್ಚಿ ತೋರಿಸಿದರೂ ಕೇಳಲಿಲ್ಲ. ಒಳಗೆ ನೋಡಿದರೆ ಫುಡ್ ಕೋರ್ಟಿನಲ್ಲಿ ಪಿಜ್ಜಾ, ಸೂಪು, ಚೌಮಿನ್. ಕಸ ಆಗಬಾರದು ಎಂಬ ಕಾರಣ ಹೇಳಿದರು. ಒಳಗಿನ ಅಂಗಡಿಯ ಕಾಗದದ ತಟ್ಟೆ, ಪ್ಲಾಸ್ಟಿಕ್ ಚಮಚ ಕಸವಲ್ಲ. ನಮ್ಮ ಸ್ಟೀಲಿನ ಡಬ್ಬಿಯಿಂದ ಕಸ ಆಗುತ್ತದೆ! ಅಂಗಡಿ ಹಿಡಿದವನು ಬಾಡಿಗೆ ಕೊಡಬೇಕು, ನಮ್ಮ ಮೊಸರನ್ನ ಅವನ ವ್ಯಾಪಾರಕ್ಕೆ ಪ್ರತಿಸ್ಪರ್ಧಿ. ವಿಷಯ ಅಷ್ಟೇ. ಅವತ್ತು ನಮ್ಮ ಜೊತೆ ಬಂದಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು, ಮಡಿವಂತರು, ಹೊರಗೆ ಕಾರಿನಲ್ಲೇ ಕೂತು ಅವಲಕ್ಕಿ ತಿಂದರು. ಅವರಿಗೆ ಆ ಪಾರ್ಕು ಇಲ್ಲ ಎಂದೇ ಲೆಕ್ಕ.

ಇನ್ನು ಡೇರೆಯ ಮಾತು. ನನ್ನ ಮೊಮ್ಮಗ ಕಳೆದ ಚಳಿಗಾಲ ಸ್ನೇಹಿತರೊಡನೆ ಜಲಾಶಯದ ಆಚೆ ಬದಿಯ ಖಾಸಗಿ ಜಾಗವೊಂದರಲ್ಲಿ ಒಂದು ರಾತ್ರಿ ಕ್ಯಾಂಪಿಂಗ್ ಮಾಡಿ ಬಂದ. ತಲೆಗೆ ಇಷ್ಟು ಅಂತ ದುಡ್ಡು, ನೈಲಾನ್ ಡೇರೆ, ಗ್ಯಾಸಿನ ಬೆಂಕಿ, ಜೋರು ಹಾಡು. ನಕ್ಷತ್ರ ನೋಡಿದೆಯೇನೋ ಎಂದರೆ, ಫೋಕಸ್ ಲೈಟು ಇತ್ತು ಅಜ್ಜಾ ಎಂದ. ಹುಡುಗನ ತಪ್ಪಲ್ಲ. ಹುಡುಗರಿಗೆ ನೀರಿನ ಹತ್ತಿರ ಒಂದು ರಾತ್ರಿ ಮಲಗುವ ಆಸೆ ಇದ್ದೇ ಇರುತ್ತದೆ. ಸಾರ್ವಜನಿಕ ಜಾಗದಲ್ಲಿ ಕಡಿಮೆ ಖರ್ಚಿನಲ್ಲಿ ಅದು ಸಿಗುವುದಾದರೆ ಸಿಗಲಿ, ಶಾಲೆಯ ಮಕ್ಕಳಿಗೂ ಸಿಗಲಿ ಎಂದೇ ನಾನು ಹೇಳುವವನು. ಆದರೆ ರಾತ್ರಿ ತಂಗುವ ಜಾಗ ಎಂದರೆ ಡೇರೆ ಸಣ್ಣ ಖರ್ಚು, ಕೊಳಚೆ ನೀರು ದೊಡ್ಡ ಖರ್ಚು. ಇನ್ನೂರು ಜನ ಮುಂಜಾನೆ ಎದ್ದು ಮುಖ ತೊಳೆದು, ಸ್ನಾನ ಮಾಡಿ, ಪಾಯಖಾನೆಗೆ ಹೋದರೆ ಆ ನೀರು ಇಳಿಜಾರಿನಲ್ಲಿ ಎತ್ತ ಹೋಗುತ್ತದೆ? ಕೆರೆಯ ದಂಡೆಯಲ್ಲಿ ಎಲ್ಲ ಇಳಿಜಾರೂ ಒಂದೇ ದಿಕ್ಕಿಗೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಸೋಕ್ ಪಿಟ್ಟು ಕುಡಿಯುವುದಿಲ್ಲ, ಕಕ್ಕುತ್ತದೆ. ಆದ್ದರಿಂದ ಕೊಳವೆ ಹಾಕಿ ಕೊಳಚೆಯನ್ನು ದಂಡೆಯಿಂದ ಆಚೆ ಒಯ್ಯಬೇಕು, ಇಲ್ಲವೇ ಮುಚ್ಚಿದ ಟ್ಯಾಂಕಿನಲ್ಲಿ ಹಿಡಿದು ಲಾರಿಯಲ್ಲಿ ಸಾಗಿಸಬೇಕು. ಇದು ಕಣ್ಣಿಗೆ ಕಾಣದ ಕೆಲಸ. ಪಾರ್ಕಿನ ಬಣ್ಣದ ನಕ್ಷೆಗಳಲ್ಲಿ ಹೂವಿನ ಪಾತಿ ಬರೆದಿರುತ್ತಾರೆ, ಈ ಕೊಳವೆ ಬರೆದಿರುವುದಿಲ್ಲ.

ಭದ್ರತೆಯ ವಿಷಯಕ್ಕೆ ಬರೋಣ. ನಾನು ಫೀಲ್ಡ್ ಆಫೀಸರ್ ಆಗಿದ್ದಾಗ ಸಿಂಧನೂರು ಕಡೆಯ ಒಂದು ಅಕ್ಕಿ ಗಿರಣಿಗೆ ಸ್ಟಾಕ್ ಇನ್‌ಸ್ಪೆಕ್ಷನ್ನಿಗೆ ಹೋಗಿದ್ದೆ. ಗೋದಾಮಿನ ತುಂಬ ಚೀಲ. ಮುಂದಿನ ಸಾಲಿಗೆ ಕಬ್ಬಿಣದ ಬಂಬು ಚುಚ್ಚಿದರೆ ಒಳ್ಳೆಯ ಭತ್ತ. ಹಮಾಲನನ್ನು ಮೇಲೆ ಹತ್ತಿಸಿ ಹಿಂದಿನ ಸಾಲಿಗೆ ಚುಚ್ಚಿಸಿದೆ, ಬಂದದ್ದು ಹೊಟ್ಟು. ಸಾಲ ಕೊಟ್ಟದ್ದು ಅಷ್ಟೂ ಚೀಲದ ಮೇಲೆ. ಕೆರೆ ಪಾರ್ಕುಗಳನ್ನು ನೋಡಿದಾಗ ನನಗೆ ಆ ಗೋದಾಮು ನೆನಪಾಗುತ್ತದೆ. ಮುಂದಿನ ಸಾಲು ಚೆನ್ನಾಗಿದೆ. ಹಿಂದಿನ ಸಾಲು ಎಂದರೆ ಜಲಾಶಯ, ಮತ್ತು ಅದಕ್ಕೆ ನೀರು ತರುವ ನೆಲ.

ಆ ನೆಲದ ಕಥೆ ಹೀಗಿದೆ. 1996ರ ಮಾರ್ಚ್ 8ರಂದು ಆಗಿನ ಆಂಧ್ರಪ್ರದೇಶ ಸರ್ಕಾರ 111ನೇ ನಂಬರಿನ ಆದೇಶ ಹೊರಡಿಸಿತು. ಎರಡೂ ಜಲಾಶಯಗಳ ಪೂರ್ಣ ಜಲಮಟ್ಟದಿಂದ ಹತ್ತು ಕಿಲೋಮೀಟರ್ ಒಳಗೆ ಮಾಲಿನ್ಯ ಮಾಡುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆ ಕೂಡದು ಎಂದು. 84 ಹಳ್ಳಿಗಳು ಅದರೊಳಗೆ ಬಂದವು. ಒಂದು ಎಣ್ಣೆ ಕಾರ್ಖಾನೆಯ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದಕ್ಕೆ ಕೊಟ್ಟಿದ್ದ ರಿಯಾಯಿತಿಯನ್ನು 2000ದ ಡಿಸೆಂಬರಿನಲ್ಲಿ ಕೋರ್ಟು ಒಪ್ಪಲಿಲ್ಲ. ಆ ಹಳ್ಳಿಗಳ ರೈತರಿಗೆ ಇದರಿಂದ ಕಷ್ಟ ಆದದ್ದು ನಿಜ. ಪಕ್ಕದ ಊರಿನ ಹೊಲ ಕೋಟಿಗೆ ಹೋದಾಗ ತಮ್ಮ ಹೊಲ ಲಕ್ಷದಲ್ಲೇ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವರಿಗೆ ಸರ್ಕಾರ ಏನಾದರೂ ಪರಿಹಾರ ಕೊಡಬೇಕಿತ್ತು. ಅದನ್ನು ಬಿಟ್ಟು 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಇನ್ನೊಂದು ಆದೇಶ ತಂದು ಆ ನಿರ್ಬಂಧಗಳನ್ನೇ ತೆಗೆಯಿತು. 2023ರ ಮೇ ತಿಂಗಳಲ್ಲಿ 111ನ್ನು ಪೂರ್ತಿ ರದ್ದು ಮಾಡುವುದಾಗಿ ಸಂಪುಟ ತೀರ್ಮಾನಿಸಿತು. ಈಗ ಕೃಷ್ಣಾ, ಗೋದಾವರಿ ನೀರು ಬರುತ್ತದೆ, ಈ ಎರಡು ಕೆರೆಗಳ ನೀರಿನ ಪಾಲು ಬಲು ಸಣ್ಣದು ಎಂಬುದು ಕೊಟ್ಟ ಕಾರಣ.

ತಾರೀಖು ನೋಡಿ. ಏಪ್ರಿಲ್‌ನಲ್ಲಿ ಕೆರೆಗೆ ನೀರು ತರುವ ನೆಲದ ಮೇಲಿನ ರಕ್ಷಣೆ ಹೋಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಕೆರೆಯ ದಂಡೆಗೆ 36 ಕೋಟಿಯ ಅಲಂಕಾರ ಬಂತು. ಎರಡೂ ಒಂದೇ ಸರ್ಕಾರದ ಕೆಲಸ. ಅಡವಿಟ್ಟ ಭತ್ತವನ್ನು ಮಾರಲು ಪರವಾನಿಗೆ ಕೊಟ್ಟು ಗೋದಾಮಿಗೆ ಸುಣ್ಣ ಬಣ್ಣ ಹಚ್ಚಿದ ಹಾಗೆ. ಮುಂದೆ ಸರ್ಕಾರ ಬದಲಾಯಿತು. 2024ರ ಆಗಸ್ಟ್‌ನಲ್ಲಿ ಹೈಡ್ರಾ ಎಂಬ ಹೊಸ ಸಂಸ್ಥೆ ಗಂಡಿಪೇಟೆಯ ಪೂರ್ಣ ಜಲಮಟ್ಟದೊಳಗೆ ಎದ್ದಿದ್ದ ಕಟ್ಟಡಗಳನ್ನು ಜೆಸಿಬಿ ತಂದು ಕೆಡವಿತು. ಕೆಡವುವ ಮಟ್ಟಕ್ಕೆ ಅಷ್ಟು ಕಟ್ಟಡ ಅಲ್ಲಿ ಎದ್ದು ನಿಂತದ್ದು, 111 ಜಾರಿಯಲ್ಲಿದ್ದ ಕಾಲದಲ್ಲೂ ನೋಡುವವರು ಇರಲಿಲ್ಲ ಎಂಬುದಕ್ಕೆ ಸಾಕ್ಷಿ. ಇನ್ನು ಈ ಕೆರೆಗಳು ಬೇಡವಾದವು ಎನ್ನುವವರು 2025ರ ಸೆಪ್ಟೆಂಬರನ್ನು ನೆನೆಸಿಕೊಳ್ಳಲಿ. ಎರಡೂ ಜಲಾಶಯದ ಗೇಟು ತೆಗೆದಾಗ ಮೂಸಿ ನೀರು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಗೇ ನುಗ್ಗಿತು. ಕರ್ನಾಟಕದ ಬಸ್ಸುಗಳು ಬಂದು ನಿಲ್ಲುವ ನಿಲ್ದಾಣ ಅದು. ಕುಡಿಯುವ ನೀರಿನ ಪಾಲು ಸಣ್ಣದಾಗಿರಬಹುದು, 1908 ತಡೆಯುವ ಕೆಲಸ ಸಣ್ಣದಾಗಿಲ್ಲ.

ಇದನ್ನು ನಮ್ಮ ರಾಜ್ಯದವರಿಗೆ ಇಷ್ಟು ವಿಸ್ತಾರವಾಗಿ ಯಾಕೆ ಹೇಳುತ್ತಿದ್ದೀರಿ ಎಂದರೆ, ನಿಮ್ಮಲ್ಲೂ ಇದೇ ನಡೆದಿದೆಯಲ್ಲ ಸ್ವಾಮಿ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಅಮ್ಯೂಸ್‌ಮೆಂಟ್ ಪಾರ್ಕಿನ ಮಟ್ಟಕ್ಕೆ ಏರಿಸುವ ಸುಮಾರು 2,663 ಕೋಟಿಯ ಯೋಜನೆಗೆ 2024ರಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಖಾಸಗಿ ಪಾಲುದಾರಿಕೆಯಲ್ಲಿ. ಖಾಸಗಿಯವನು ಹಾಕಿದ ದುಡ್ಡನ್ನು ಟಿಕೆಟ್ಟಿನಲ್ಲಿ, ಅಂಗಡಿ ಬಾಡಿಗೆಯಲ್ಲಿ ವಾಪಸ್ ತೆಗೆಯಬೇಕು; ಇಲ್ಲವಾದರೆ ಅವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ನಾನಾಗಿದ್ದರೂ ಕೊಡುತ್ತಿರಲಿಲ್ಲ. ಹಾಗಾದರೆ ಮಂಡ್ಯದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬುತ್ತಿ ತಂದು ಹುಲ್ಲಿನ ಮೇಲೆ ಕೂಡುವ ಸಂಸಾರ ಆ ಲೆಕ್ಕದಲ್ಲಿ ಯಾವ ಕಲಂನಲ್ಲಿ ಬರುತ್ತದೆ? ಇದನ್ನು ಮಂಜೂರಾತಿಗೆ ಮೊದಲು ಕೇಳಬೇಕು, ಆಮೇಲೆ ಕೇಳಿ ಫಲ ಇಲ್ಲ.

ಗಂಡಿಪೇಟೆಯ ಫೈಲು ಮತ್ತೆ ನನ್ನ ಮೇಜಿಗೆ ಬಂದರೆ, ಬರುವುದಿಲ್ಲ ಬಿಡಿ, ನಾನು ಹಾಕುವ ಷರತ್ತು ಬಹಳ ಇಲ್ಲ. ಹೊಸ ಕಟ್ಟಡ ಏನೇ ಇದ್ದರೂ ಪೂರ್ಣ ಜಲಮಟ್ಟದ ಗೆರೆಯಿಂದ ಸಾಕಷ್ಟು ಆಚೆ, ಮತ್ತು ಆ ಗೆರೆಗೆ ನೆಲದ ಮೇಲೆ ಕಣ್ಣಿಗೆ ಕಾಣುವ ಕಲ್ಲು. ನೀರಿನ ಬದಿಯಲ್ಲಿ ರಾತ್ರಿ ಬಣ್ಣದ ದೀಪ ಬೇಡ, ಕಾಲುದಾರಿಗೆ ಬೇಕಾದಷ್ಟು ಸಾಕು. ಬೇವು, ಹುಣಸೆ, ನೆಲ್ಲಿ, ಹೊಂಗೆ ಹಚ್ಚಿ ಐದು ವರ್ಷ ನೀರು ಹಾಕುವ ಜವಾಬ್ದಾರಿ ಕಂತ್ರಾಟುದಾರನದೇ, ಗಿಡ ಬದುಕಿದ ಲೆಕ್ಕದ ಮೇಲೆ ಬಿಲ್ಲು. ಮನೆಯಿಂದ ತಂದ ಊಟಕ್ಕೆ ತಡೆ ಇಲ್ಲ. ತಟ್ಟೆ ತೊಳೆಯಲು ಒಂದು ಸಾಲು ನಳ, ಆ ನೀರು ಕೊಳಚೆ ಕೊಳವೆಗೆ. ಡೇರೆ ಬೇಕಾದರೆ ಕೊಳಚೆ ಕೊಳವೆ ಆದ ಮೇಲೆ, ಅದಕ್ಕೆ ಮೊದಲು ಒಂದೂ ಇಲ್ಲ. ಒಟ್ಟು ಮೊತ್ತದಲ್ಲಿ ಒಂದು ಭಾಗವನ್ನು ಕಟ್ಟಡಕ್ಕೆ ಖರ್ಚು ಮಾಡದೆ ಫಿಕ್ಸೆಡ್ ಡಿಪಾಸಿಟ್ ಇಟ್ಟು, ಅದರ ಬಡ್ಡಿಯಿಂದ ಶೌಚಾಲಯ ತೊಳೆಯುವವರ ಸಂಬಳ. ಈ ಕೊನೆಯ ಷರತ್ತು ಓದಿ ನಮ್ಮ ಅಣ್ಣನ ಮಗ ನಕ್ಕ. ನಮ್ಮ ಮನೆಯವರು ನಗಲಿಲ್ಲ. "ಹೆಂಗಸರ ಕಡೆ ಇಬ್ಬರು ಬೇಕು ಅಂತ ಬರೀರಿ" ಎಂದರು. ಬರೆದಿದ್ದೇನೆ.